ವನಜಾಕ್ಷಿಯ ನೂರಾ ನಲವತ್ತು ನಕ್ಷೆಗಳು

ಮೊಳಕಾಲ್ಮೂರಿನ ಹೈಸ್ಕೂಲೊಂದರಲ್ಲಿ ಕಂಪ್ಯೂಟರ್ ಕೊಠಡಿಯ ಬೀಗದ ಕೈ ಎಂಟು ವರ್ಷ ನನ್ನ ಹತ್ತಿರ ಇತ್ತು. ನಾನು ಮೇಷ್ಟ್ರಲ್ಲ, ಪಾಠ ಮಾಡೋಕೆ ಬೇರೆಯವರಿದ್ದರು. ಧೂಳು ಒರೆಸುವುದು, ಬ್ಯಾಟರಿಗೆ ನೀರು ಹಾಕುವುದು, ಕೆಟ್ಟ ಮೌಸ್ ಬಿಚ್ಚಿ ಸರಿಮಾಡುವುದು ನನ್ನ ಕೆಲಸ. ನೋಡಿ ನೋಡಿಯೇ ಒಂದಿಷ್ಟು ಕಲಿತೆ. ಊರಲ್ಲಿ ಯಾರದಾದರೂ ಕಂಪ್ಯೂಟರ್ ಮೊಂಡು ಹಿಡಿದರೆ ‘ಪಾಲಣ್ಣನ್ನ ಕರೀರಿ’ ಅನ್ನುವಷ್ಟು ಹೆಸರೂ ಬಂತು. ಹಾಗೆ ಸರಿಮಾಡಿಕೊಟ್ಟ ಕೆಲಸಗಳೆಲ್ಲ ಮರೆತುಹೋಗಿವೆ. ಯಾಕಾದರೂ ಸರಿಮಾಡಿದೆನೋ ಅಂತ ಸಂಕಟಪಟ್ಟದ್ದು ಒಂದೇ ಒಂದು. ಅದು ವನಜಾಕ್ಷಿಯ ಪೆನ್ ಡ್ರೈವ್.

ವನಜಾಕ್ಷಿ ಕೊಂಡ್ಲಹಳ್ಳಿಯವಳು. ಅಪ್ಪ ಕ್ಯಾತಪ್ಪ ಕುರಿ ಕಾಯುತ್ತಿದ್ದ. ಮಗಳ ಏಳನೇ ಕ್ಲಾಸು ಮುಗಿದಾಗ ಅವಳನ್ನು ಮೊಳಕಾಲ್ಮೂರಿನಲ್ಲಿದ್ದ ತಂಗಿ ನಾಗಕ್ಕನ ಮನೆಯಲ್ಲಿ ಬಿಟ್ಟು ಹೋದ. ನಾಗಕ್ಕ ರೇಷ್ಮೆ ಸೀರೆ ನೇಯುವ ಶೆಡ್ಡೊಂದರಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಅಂದರೆ, ಲಾಳಿಯೊಳಗೆ ಕೂರುವ ಪುಟ್ಟ ಕಡ್ಡಿಗೆ ನೂಲು ಸುತ್ತಿ ನೇಕಾರರಿಗೆ ಕೊಡುವ ಕೆಲಸ. ಹುಡುಗಿಯೂ ಅತ್ತೆಯ ಪಕ್ಕದಲ್ಲಿ ಕೂತು ಅದನ್ನೇ ಕಲಿತಳು.

ಅದೇ ಶೆಡ್ಡಿನ ಮೂಲೆಯಲ್ಲಿ ಮುರುಗೇಂದ್ರಪ್ಪ ಅಂತ ಒಬ್ಬ ಮುದುಕ ಕೂರುತ್ತಿದ್ದ. ಸೀರೆಯ ಅಂಚು, ಸೆರಗಿನ ಚಿತ್ತಾರಗಳನ್ನು ಚೌಕುಳಿ ಕಾಗದದ ಮೇಲೆ ಬರೆಯುವವನು. ಒಂದೊಂದು ಮನೆಯೂ ಒಂದೊಂದು ಎಳೆಯ ಲೆಕ್ಕ. ಕೆಂಪು ಶಾಯಿ ತುಂಬಿದ ಮನೆಗಳನ್ನು ನೋಡಿಕೊಂಡು ರಟ್ಟಿಗೆ ತೂತು ಹೊಡೆದು, ಆ ರಟ್ಟುಗಳನ್ನು ಮಗ್ಗದ ಮೇಲಿನ ಪೆಟ್ಟಿಗೆಗೆ ಏರಿಸಿದರೆ ಕಾಗದದ ನವಿಲು ಸೀರೆಯ ಮೇಲೆ ಬರುತ್ತದೆ. ಒಂದು ದಿನ ಕಂಡಿಕೆ ಬುಟ್ಟಿ ಹೊತ್ತು ಹೋಗುತ್ತಿದ್ದ ವನಜಾಕ್ಷಿ ನಿಂತು, “ಅಜ್ಜಾ, ಈ ಗಿಣಿ ಕೊಕ್ಕಿನಾಗೆ ಒಂದು ಮನೆ ಜಾಸ್ತಿ ಆಗೈತೆ” ಅಂದಳಂತೆ. ಮುದುಕ ಕನ್ನಡಕ ಏರಿಸಿ ಎಣಿಸಿದ. ಆಗಿತ್ತು. ಮಾರನೇ ದಿನದಿಂದ ಅವಳ ಜಾಗ ಅವನ ಚಾಪೆಯ ಮೇಲೆ.

ಹತ್ತು ವರ್ಷ ಅವನ ಹತ್ತಿರ ಕಲಿತಳು. ಅವನು ತೀರಿಕೊಳ್ಳುವಾಗ ತನ್ನ ನಕ್ಷೆಗಳ ಗಂಟನ್ನು ಮಕ್ಕಳಿಗೆ ಕೊಡದೆ ಇವಳಿಗೆ ಕೊಟ್ಟ. ಜೊತೆಗೆ ಒಂದು ಮಾತೂ ಹೇಳಿದ್ದ: ಒಬ್ಬರಿಗೆ ಅಂತ ಬರೆದದ್ದನ್ನು ಇನ್ನೊಬ್ಬರ ಮಗ್ಗಕ್ಕೆ ಕೊಡಬೇಡ. ವನಜಾಕ್ಷಿ ಅದನ್ನು ಮೀರಿದವಳಲ್ಲ. ಅದಕ್ಕೇ ನೇಕಾರರು ಅವಳನ್ನು ನಂಬಿ ಬರುತ್ತಿದ್ದರು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ನಿಂತುಹೋಯಿತು. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ಬರೆಯುತ್ತ ಕೂತರೆ ಊಟಕ್ಕೆ ಮೂರು ಸಲ ಕರೆಯಬೇಕಿತ್ತು.

ಇನ್ನು ನಾಗಭೂಷಣನ ವಿಷಯ. ಅವನೂ ಕೊಂಡ್ಲಹಳ್ಳಿಯವನೇ, ಅವಳಿಗಿಂತ ಏಳೆಂಟು ವರ್ಷ ಚಿಕ್ಕವನು. ಎರಡು ವರ್ಷ ಮೊಳಕಾಲ್ಮೂರಿನ ಕಾಲೇಜಿಗೆ ಬಂದಾಗ ಮಧ್ಯಾಹ್ನದ ಮುದ್ದೆ ನಾಗಕ್ಕನ ಮನೆಯಲ್ಲೇ ಉಣ್ಣುತ್ತಿದ್ದ. ಪರೀಕ್ಷೆ ಹತ್ತಿರ ಬಂದಾಗ ಅಲ್ಲೇ ಮಲಗುತ್ತಿದ್ದ. ‘ಅಕ್ಕಾ’ ಅಂತ ಬಾಯಿ ತುಂಬ ಕರೆಯುತ್ತಿದ್ದ. ಮುಂದೆ ಚಿತ್ರದುರ್ಗದಲ್ಲಿ ಕಂಪ್ಯೂಟರ್ ಕಲಿತು, ಚಳ್ಳಕೆರೆಯಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಟೈಪಿಂಗು, ಲಗ್ನಪತ್ರಿಕೆ ಮಾಡುವ ಅಂಗಡಿ ಇಟ್ಟ.

೨೦೦೪ರ ಮಳೆಗಾಲ ಕಳೆದ ಮೇಲೆ ಗೂಡಿನಲ್ಲಿಟ್ಟಿದ್ದ ನಕ್ಷೆಗಳ ಗಂಟಿಗೆ ಗೆದ್ದಲು ಹತ್ತಿತು. ಬಿಚ್ಚಿದರೆ ಅರ್ಧ ಮಣ್ಣು. ವನಜಾಕ್ಷಿ ಅದನ್ನು ಮುಂದಿಟ್ಟುಕೊಂಡು ಅಳುತ್ತಿದ್ದಾಗ ನಾಗಭೂಷಣ ಬಂದಿದ್ದ.

“ಅಳಬ್ಯಾಡ ಅಕ್ಕ. ಉಳಿದಿದ್ದನ್ನ ಕಂಪ್ಯೂಟರಿಗೆ ಹಾಕನ. ಅಲ್ಲಿಗೆ ಗೆದ್ದಲು ಬರಲ್ಲ” ಅಂದ.

ಅಂದಿನಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಅವಳ ಭಾನುವಾರಗಳೆಲ್ಲ ಚಳ್ಳಕೆರೆಯ ಪಾಲಾದವು. ಬೆಳಗಿನ ಬಸ್ಸು ಹತ್ತಿ ತಳಕು ದಾಟಿ ಹೋಗುವಳು, ಸಂಜೆ ಬಸ್ಸಿಗೆ ವಾಪಸ್. ಅವನು ಕಾಗದವನ್ನು ಸ್ಕ್ಯಾನ್ ಮಾಡುತ್ತಿದ್ದ, ಇವಳು ಪರದೆಯ ಮೇಲೆ ಒಂದೊಂದೇ ಮನೆ ತುಂಬುತ್ತಿದ್ದಳು. ಮೌಸ್ ಹಿಡಿಯುವುದನ್ನು ಅವನೇ ಕಲಿಸಿದ್ದು. ಪಕ್ಕದಲ್ಲಿ ಕೂತು, “ಇದು ಯಾರಿಗೆ ಬರೆದಿದ್ದಕ್ಕಾ? ಇದ್ಯಾಕೆ ನಿಂಗೆ ಅಷ್ಟು ಇಷ್ಟ?” ಅಂತ ಕೇಳುತ್ತಿದ್ದ. ಅವಳು ಒಂದೊಂದರ ಕತೆಯನ್ನೂ ಬಿಡಿಸಿ ಹೇಳುತ್ತಿದ್ದಳು. ಕೇಳುವವರು ಬೇರೆ ಯಾರಿದ್ದರು ಅವಳಿಗೆ? ಮುಟ್ಟಿದರೆ ಪುಡಿಯಾಗುತ್ತಿದ್ದ ಹಳೆಯ ಕಾಗದಗಳನ್ನು, ಗೆದ್ದಲು ಮನೆಗೆಲ್ಲ ಹಬ್ಬೀತು ಅಂತ ನಾಗಕ್ಕ ಒಲೆಗೆ ಹಾಕಿದಳು. ಹೊಸ ನಕ್ಷೆಗಳನ್ನಂತೂ ವನಜಾಕ್ಷಿ ನೇರ ಕಂಪ್ಯೂಟರಿನಲ್ಲೇ ಬರೆಯತೊಡಗಿದಳು.

ಮುರುಗೇಂದ್ರಪ್ಪನವು, ಅವಳವು ಸೇರಿ ನೂರಾ ನಲವತ್ತಾದವು. ನಾಗಭೂಷಣ ಬೆರಳುದ್ದದ ನೀಲಿ ಪೆನ್ ಡ್ರೈವ್ ತರಿಸಿ ಎಲ್ಲವನ್ನೂ ಅದಕ್ಕೆ ತುಂಬಿದ. “ಅಂಗಡಿ ಸಿಸ್ಟಮ್ಮಿನಾಗೆ ಬ್ಯಾಡ ಅಕ್ಕ, ಇಲ್ಲಿ ಕಂಡ ಕಂಡೋರೆಲ್ಲ ಕೂರ್ತಾರೆ, ಯಾರಾನ ಕಾಪಿ ಹೊಡ್ಕೊಂಡಾರು” ಅಂತ ಅವಳೆದುರಿಗೇ ಅಂಗಡಿಯಲ್ಲಿದ್ದುದನ್ನು ಅಳಿಸಿದ. ಅವಳು ಕುಂಕುಮದ ಡಬ್ಬಿಯೊಂದನ್ನು ಖಾಲಿ ಮಾಡಿ, ಹತ್ತಿ ಹಾಸಿ, ಅದರಲ್ಲಿ ಪೆನ್ ಡ್ರೈವ್ ಇಟ್ಟುಕೊಂಡು ಓಡಾಡಿದಳು.

೨೦೦೭ರ ಫೆಬ್ರವರಿ ಹನ್ನೊಂದು, ಭಾನುವಾರ. ಅಂಗಡಿಯಲ್ಲಿ ನಾಗಭೂಷಣ ಇನ್ನೂ ಮೂರು ಕಂಪ್ಯೂಟರ್ ತಂದು, ಇಂಟರ್ನೆಟ್ಟಿಗಾಗಿ ಒಂದಕ್ಕೊಂದು ವೈರು ಎಳೆದಿದ್ದ. ವನಜಾಕ್ಷಿ ಎಂದಿನಂತೆ ಪೆನ್ ಡ್ರೈವ್ ಚುಚ್ಚಿದಳು. ಅದರ ತುದಿಯ ಸಣ್ಣ ದೀಪ ಹತ್ತಿತು. ಪರದೆಯ ಮೇಲೆ ಮಾತ್ರ ಏನೂ ಬರಲಿಲ್ಲ. ‘ಮೈ ಕಂಪ್ಯೂಟರ್’ ತೆರೆದರೆ ಅಲ್ಲಿ ಅದರ ಹೆಸರೇ ಇಲ್ಲ. ನಾಗಭೂಷಣ ಹಿಂದಿನ ತೂತಿಗೆ ಹಾಕಿ ನೋಡಿದ, ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದ. ಆಫ್ ಮಾಡಿ ಆನ್ ಮಾಡಿದ.

“ಸತ್ತೋಗೈತೇನೋ ಅಕ್ಕ.”

“ದೀಪ ಉರೀತೈತಲ್ಲೋ!”

“ದೀಪಕ್ಕೇನು, ಕರೆಂಟ್ ಸಿಕ್ಕರೆ ಉರೀತೈತೆ. ಒಳಗಿನ ಚಿಪ್ಪು ಹೋಗಿರಬೇಕು. ನನ್ನ ಹತ್ರ ಬಿಟ್ಟು ಹೋಗು. ಬೆಂಗಳೂರಿನಾಗೆ ತೆಗೆದುಕೊಡೋರು ಅವ್ರೆ, ಕಳಿಸಿ ನೋಡ್ತೀನಿ.”

ಮೂರು ವಾರ ಅವಳಿಗೆ ಅನ್ನ ಸೇರಲಿಲ್ಲ. ಮಾರ್ಚ್ ನಾಲ್ಕಕ್ಕೆ ಹೋದಾಗ ನಾಗಭೂಷಣ ಪೆನ್ ಡ್ರೈವನ್ನು ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟ. “ಆಗಲಿಲ್ಲ ಅಕ್ಕ. ಪೂರಾ ಹೋಗೈತಂತೆ.” ಅವನ ಕಣ್ಣಲ್ಲಿ ನೀರಿತ್ತು ಅಂತ ವನಜಾಕ್ಷಿ ಮನೆಗೆ ಬಂದು ನಾಗಕ್ಕನಿಗೆ ಹೇಳಿದಳಂತೆ. “ಪಾಪ, ನನಗಿಂತ ಅವನೇ ಸಂಕಟ ಪಡ್ತಾವ್ನೆ” ಅಂದಳಂತೆ.

ಸತ್ತ ಪೆನ್ ಡ್ರೈವನ್ನು ಎಸೆಯಲು ಅವಳಿಗೆ ಮನಸ್ಸಾಗಲಿಲ್ಲ. ಟ್ರಂಕಿನ ತಳಕ್ಕೆ ಹಾಕಿದಳು. ಮತ್ತೆ ಚೌಕುಳಿ ಕಾಗದ ತಂದು, ನೆನಪಿದ್ದಷ್ಟನ್ನು ಮೊದಲಿನಿಂದ ಬರೆಯಲು ಕೂತಳು. ಆಗಸ್ಟಿನ ಹೊತ್ತಿಗೆ ಮೂವತ್ತು ದಾಟಿತ್ತು. ಮುರುಗೇಂದ್ರಪ್ಪನ ಕೆಲವು ಬಳ್ಳಿಗಳು ಎಷ್ಟು ತಿಣುಕಿದರೂ ಕೈಗೆ ಬರಲಿಲ್ಲ.

ವರಮಹಾಲಕ್ಷ್ಮಿ ಹಬ್ಬಕ್ಕೆ ಒಂದು ವಾರ ಇತ್ತು. ಸೀರೆ ಅಂಗಡಿಗಳಲ್ಲಿ ಕಾಲಿಡಲು ಜಾಗವಿಲ್ಲದ ದಿನಗಳು. ಅಂಥ ಒಂದು ಬೆಳಗ್ಗೆ ಹೊನ್ನೂರಸ್ವಾಮಿ ಅವಳ ಮನೆಗೆ ಬಂದ. ನಮ್ಮೂರಿನ ಹಿರಿಯ ನೇಕಾರ, ವನಜಾಕ್ಷಿಯ ಕೈಗೆ ಮೊದಲು ಕೆಲಸ ಕೊಟ್ಟವನು. ಎರಡು ವರ್ಷದ ಹಿಂದೆ ಮಗಳು ಮಂಜಮ್ಮನ ಧಾರೆ ಸೀರೆಗೆ ಅಂತ ಅವಳ ಹತ್ತಿರ ಜೋಡಿ ನವಿಲು, ನಡುವೆ ಬಿರಿದ ದಾಳಿಂಬೆ ಇರುವ ಸೆರಗು ಬರೆಸಿದ್ದ. ಒಂದೇ ಒಂದು ಸೀರೆ ನೇಯ್ದು ರಟ್ಟುಗಳನ್ನು ಕಟ್ಟಿಟ್ಟಿದ್ದ. ಮಗಳ ಸೀರೆಯಂಥದ್ದು ಇನ್ನೊಂದು ಇರಬಾರದು ಅನ್ನುವುದು ಅವನ ಆಸೆ.

ಬಂದವನು ಕೂರಲಿಲ್ಲ. ಚೀಲದಿಂದ ಒಂದು ಸೀರೆ ತೆಗೆದು ಅವಳ ಮುಂದೆ ಹಾಕಿದ. ಪವರ್‌ಲೂಮಿನ ತೆಳು ಸೀರೆ. ಸೆರಗಿನ ಮೇಲೆ ಜೋಡಿ ನವಿಲು, ನಡುವೆ ಬಿರಿದ ದಾಳಿಂಬೆ.

“ನಮ್ಮ ಬೀದಿಯಾಗೇ ಮಾರ್ತಾವ್ರೆ ತಾಯಿ. ಗಡಿಯಾಚೆಯಿಂದ ಬಂದಿದ್ದಂತೆ. ರಾಶಿ ಐತೆ. ನನ್ನ ಮಗಳು ಸಂತೆಗೆ ಹೋದ್ರೆ ಹತ್ತು ಜನ ಅವಳ ಧಾರೆ ಸೀರೆ ಉಟ್ಕಂಡು ಎದುರಿಗೆ ಬರ್ತಾರೆ.”

ವನಜಾಕ್ಷಿ ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದು ಎಣಿಸಿದಳು. ಎಳೆಗೆ ಎಳೆ ಅವಳದೇ.

“ಸ್ವಾಮಣ್ಣ, ನಾನು ಯಾರಿಗೂ ಕೊಟ್ಟಿಲ್ಲ. ಕೇಳ್ರಿ ಇಲ್ಲಿ, ಅದಿದ್ದ ಪೆನ್ ಡ್ರೈವೇ ಕೆಟ್ಟೋಗೈತೆ. ನನ್ನ ಹತ್ರಾನೇ ಇಲ್ಲ ಅದು.”

“ನಿನ್ನ ಹತ್ರ ಇಲ್ಲ ಅಂದ್ಮೇಲೆ ಅವರಿಗೆಲ್ಲಿಂದ ಬಂತಮ್ಮಾ? ನಾನೂ ರಟ್ಟು ಬಿಚ್ಚಿಲ್ಲ, ನೀನೂ ಕೊಟ್ಟಿಲ್ಲ. ನವಿಲೇನು ತಾನೇ ನಡ್ಕಂಡು ಹೋತಾ?” ಸೀರೆಯನ್ನು ಅಲ್ಲೇ ಬಿಟ್ಟು ಹೊರಟ. ಬಾಗಿಲಲ್ಲಿ ತಿರುಗಿ, “ದುಡ್ಡು ಬೇಕಾಗಿದ್ರೆ ನನ್ನನ್ನೇ ಕೇಳಬೋದಿತ್ತು ನೀನು. ಮಾರ್ಕಣೋ ಅಂಥದ್ದೇನು ಬಂದಿತ್ತು?” ಅಂದ.

ಅವತ್ತು ಶನಿವಾರ. ಅರ್ಧ ದಿನದ ಸ್ಕೂಲು ಮುಗಿದು ನಾನು ಕೊಠಡಿ ಗುಡಿಸುತ್ತಿದ್ದೆ. ವನಜಾಕ್ಷಿ ಬಾಗಿಲಲ್ಲಿ ಬಂದು ನಿಂತಳು. ಒಂದು ಕೈಯಲ್ಲಿ ಸೀರೆ, ಇನ್ನೊಂದರಲ್ಲಿ ಪೆನ್ ಡ್ರೈವ್.

“ಪಾಲಣ್ಣ, ಇದು ಸತ್ತೈತಾ ಬದುಕೈತಾ ನೋಡಿ ಹೇಳು. ನನ್ನ ಸಮಾಧಾನಕ್ಕೆ ಸುಳ್ಳು ಹೇಳಬ್ಯಾಡ.”

ಕೂರಿಸಿ ನೀರು ಕೊಟ್ಟು ವಿಷಯ ಕೇಳಿದೆ. ಆಮೇಲೆ ಪೆನ್ ಡ್ರೈವ್ ಚುಚ್ಚಿದೆ. ದೀಪ ಹತ್ತಿತು. ಪರದೆಯ ಮೇಲೆ ಏನೂ ಇಲ್ಲ.

“ನೋಡ್ದಾ, ಅಲ್ಲೂ ಹಿಂಗೇ ಆಗಿತ್ತು” ಅಂದಳು. ಆ ದನಿಯಲ್ಲಿ ಒಂದು ನಿರಾಳ ಇದ್ದದ್ದು ನನಗೆ ಕೇಳಿಸಿತು. ಅದು ಸತ್ತೇ ಇರಲಿ ಅಂತ ಅವಳು ಬಯಸುತ್ತಿದ್ದಳು.

ನಾನು ನನ್ನ ಪದ್ಧತಿಯ ಪ್ರಕಾರ ಹೋದೆ. ಮುಂದಿನ ತೂತಿಗೆ ಕೆಲವು ಸಲ ಕರೆಂಟು ಸಾಲುವುದಿಲ್ಲ, ಹಿಂದಿನದಕ್ಕೆ ಹಾಕಿದೆ. ಬದಲಾಗಲಿಲ್ಲ. ಕಂಪ್ಯೂಟರಿಗೆ ಏನೇನು ಅಂಟಿಕೊಂಡಿದೆ ಅನ್ನುವ ಪಟ್ಟಿ ತೆರೆದೆ. ಅದರಲ್ಲಿ ಪೆನ್ ಡ್ರೈವಿನ ಹೆಸರಿತ್ತು, ಎದುರಿಗೆ ತಪ್ಪಿನ ಗುರುತೂ ಇರಲಿಲ್ಲ. ಅಲ್ಲಿಗೆ ನನಗೆ ಅನುಮಾನ ಬಂತು. ಡಿಸ್ಕ್‌ಗಳ ಲೆಕ್ಕ ತೋರಿಸುವ ಇನ್ನೊಂದು ಕಿಟಕಿ ತೆರೆದರೆ ಅಲ್ಲಿ ಅದು ಆರೋಗ್ಯವಾಗಿ ಕೂತಿತ್ತು.

ಆದದ್ದು ಇಷ್ಟೇ. ಕಂಪ್ಯೂಟರ್ ಒಂದೊಂದು ಡಿಸ್ಕಿಗೂ ಒಂದೊಂದು ಇಂಗ್ಲಿಷ್ ಅಕ್ಷರ ಕೊಡುತ್ತದೆ. ನಮ್ಮ ಕೊಠಡಿಯಲ್ಲಿ ಎಲ್ಲ ಕಂಪ್ಯೂಟರುಗಳನ್ನೂ ವೈರಿನಿಂದ ಜೋಡಿಸಿ, ದೊಡ್ಡ ಕಂಪ್ಯೂಟರಿನ ಒಂದು ಫೋಲ್ಡರಿಗೆ ‘ಎಫ್’ ಅಂತ ಹೆಸರಿಟ್ಟಿದ್ದರು. ಪೆನ್ ಡ್ರೈವಿಗೂ ಕಂಪ್ಯೂಟರ್ ಅದೇ ‘ಎಫ್’ ಕೊಟ್ಟಿತ್ತು. ಒಂದೇ ಹೆಸರಿನ ಇಬ್ಬರಾದಾಗ ಮೊದಲು ಬಂದವನೇ ಕಾಣುತ್ತಾನೆ, ಎರಡನೆಯವನು ಮರೆಯಾಗುತ್ತಾನೆ.

“ನಾಗಭೂಷಣನೂ ಹೊಸದಾಗಿ ವೈರು ಎಳೆದಿದ್ದನಾ?” ಅಂತ ಕೇಳಿದೆ.

“ಹೂಂ. ಅದೇ ವಾರ.”

ಅಕ್ಷರ ಬದಲಿಸಿ ‘ಪಿ’ ಅಂತ ಕೊಟ್ಟೆ. ಪರದೆಯ ಮೇಲೆ ಕಿಟಕಿ ತಾನಾಗಿ ತೆರೆದುಕೊಂಡಿತು. ಒಂದರ ಕೆಳಗೊಂದು ಅವಳ ನಕ್ಷೆಗಳು. ಒಂದೂ ಕೆಟ್ಟಿರಲಿಲ್ಲ.

ವನಜಾಕ್ಷಿ ಬಾಯಿಗೆ ಕೈ ಅಡ್ಡ ಹಿಡಿದಳು. “ಅಜ್ಜನ ಬಳ್ಳಿ… ಪಾಲಣ್ಣ, ಅಜ್ಜನ ಬಳ್ಳಿ ಐತೆ ನೋಡು!” ಕಣ್ಣೀರು ಸುರಿಯುತ್ತಿತ್ತು, ನಗುತ್ತಿದ್ದಳು. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಕಿಟಕಿಯ ಮೊದಲಲ್ಲೇ ಒಂದು ಹಳದಿ ಫೋಲ್ಡರ್ ಇತ್ತು. ‘ಫೈನಲ್’ ಅಂತ ಹೆಸರು.

“ಇದು ನಂದಲ್ಲ” ಅಂದಳು.

ತೆರೆದೆ. ಅರವತ್ತೆರಡು ನಕ್ಷೆಗಳು. ರಟ್ಟಿಗೆ ತೂತು ಹೊಡೆಯುವ ಯಂತ್ರಕ್ಕೆ ಬೇಕಾದ ಹಾಗೆ ಬದಲಿಸಿ ಇಟ್ಟವು. ನಾನು ತಾರೀಖು ನೋಡಿದೆ. ಅವಳೂ ನೋಡಿದಳು. ಫೆಬ್ರವರಿ ಹದಿನಾಲ್ಕು. ಅದರ ಕೆಳಗೆ ಹದಿನೈದು, ಹದಿನೇಳು, ಇಪ್ಪತ್ತೊಂದು. ಪೆನ್ ಡ್ರೈವ್ ‘ಬೆಂಗಳೂರಿನಲ್ಲಿದ್ದ’ ದಿನಗಳು.

ಅವಳು ಒಂದೊಂದನ್ನೇ ತೆರೆಸಿ ನೋಡಿದಳು. “ಇದು ನನಗೆ ಜೀವ ಅಂತ ಅವನಿಗೆ ಹೇಳಿದ್ದೆ” ಅಂದಳು ಒಂದಕ್ಕೆ. ಮತ್ತೊಂದಕ್ಕೆ, “ಇದು ಯಾಕೆ ಚೆಂದ ಅಂತ ಅರ್ಧ ತಾಸು ತಿಳಿಸಿಕೊಟ್ಟಿದ್ದೆ.” ಅರವತ್ತೆರಡರಲ್ಲಿ ಒಂದೂ ಸಾಧಾರಣದ್ದಿರಲಿಲ್ಲ. ಅವಳ ಬಾಯಿಂದಲೇ ಕೇಳಿ ಕೇಳಿ ನಾಗಭೂಷಣ ಒಳ್ಳೆಯದನ್ನು ಆರಿಸುವುದು ಕಲಿತಿದ್ದ.

ಮರುದಿನ ಭಾನುವಾರ. “ಒಬ್ಬಳೇ ಹೋದರೆ ನಾನು ಅತ್ತುಬಿಡ್ತೀನಿ, ನೀನೂ ಬಾ” ಅಂದದ್ದಕ್ಕೆ ನಾನೂ ಬಸ್ಸು ಹತ್ತಿದೆ. ಚಳ್ಳಕೆರೆ ಬರುವವರೆಗೂ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು.

ನಾಗಭೂಷಣ ನಮ್ಮನ್ನು ಕಂಡು ಎದ್ದು ನಿಂತ. “ಬಾ ಅಕ್ಕ, ಎಷ್ಟು ದಿನ ಆಯ್ತು! ಟೀ ಹೇಳ್ತೀನಿ” ಅಂದ. ಅವಳು ಸ್ಟೂಲಿನ ಮೇಲೆ ಕೂತು ಪೆನ್ ಡ್ರೈವನ್ನು ಮೇಜಿನ ಮೇಲಿಟ್ಟಳು.

“ಇದು ಕಾಣಿಸ್ತಪ್ಪ. ಪಾಲಣ್ಣ ಹತ್ತು ನಿಮಿಷದಾಗೆ ತೋರಿಸ್ದ.”

ಅವನು ನನ್ನ ಮುಖ ನೋಡಿದ, ಅವಳ ಮುಖ ನೋಡಿದ. “ಹೌದಾ? ನಮ್ಮಲ್ಲಿ ಬರಲೇ ಇಲ್ಲ ನೋಡು… ಒಳ್ಳೇದಾಯ್ತು ಬಿಡಕ್ಕ.”

“ಫೈನಲ್ ಅಂತ ಒಂದು ಫೋಲ್ಡರ್ ಐತೆ.”

“ಅದು ಹಳೇದಿರಬೇಕು. ನಮ್ಮ ಸಿಸ್ಟಮ್ಮಿನ ತಾರೀಖು ಹಿಂದೆ ಮುಂದೆ ಆಗ್ತಿರ್ತೈತೆ.”

ತಾರೀಖಿನ ಮಾತನ್ನು ನಾವಿನ್ನೂ ಎತ್ತಿಯೇ ಇರಲಿಲ್ಲ. ವನಜಾಕ್ಷಿ ದನಿ ಏರಿಸಲಿಲ್ಲ. “ನನ್ನವೆಲ್ಲ ಭಾನುವಾರವೇ ಬಿದ್ದಾವೆ ನಾಗಭೂಷಣ, ಎರಡು ವರ್ಷದ್ದೂ. ಒಂದು ದಿನ ಆಚೀಚೆ ಇಲ್ಲ. ನಿನ್ನವು ಬುಧವಾರ, ಗುರುವಾರ ಅವೆ. ಬುಧವಾರ ನಾನು ಈ ಕುರ್ಚಿಯಾಗೆ ಯಾವತ್ತು ಕೂತಿದ್ದೆ?”

ಅವನು ಕೂತ. ಇಂಟರ್ನೆಟ್ಟಿಗೆ ಬಂದಿದ್ದ ಇಬ್ಬರನ್ನು ‘ಆಮೇಲೆ ಬರ್ರಿ’ ಅಂತ ಕಳಿಸಿದ.

“ಮೊದಲನೇ ದಿನ ನಿಜವಾಗ್ಲೂ ಕಾಣಲಿಲ್ಲ ಅಕ್ಕ. ಅವ್ವನಾಣೆ. ಮೂರು ದಿನ ಆದಮೇಲೆ ವೈರು ಬಿಚ್ಚಿ ನೋಡ್ದೆ, ಬಂತು.”

“ಬಂದ ದಿನ ಪಕ್ಕದ ಮನೆಗೆ ಫೋನ್ ಮಾಡಬೋದಿತ್ತಲ್ಲೋ. ನಾನು ಊಟ ಬಿಟ್ಟಿದ್ದೆ.”

“ಮಾಡಾಣ ಅಂತಲೇ ಇದ್ದೆ. ಅವತ್ತೇ ಆಂಧ್ರದ ಕಡೆ ಪವರ್‌ಲೂಮಿನವನೊಬ್ಬ ಬಂದಿದ್ದ, ಲೇಬಲ್ ಮಾಡಿಸೋಕೆ. ಪರದೆ ಮ್ಯಾಲೆ ನವಿಲು ನೋಡಿ, ‘ನೀನೇ ಬರೆದಿದ್ದಾ?’ ಅಂದ. ಹೂಂ ಅಂದ್ಬಿಟ್ಟೆ. ಯಾಕಂದೆನೋ ಗೊತ್ತಿಲ್ಲ. ‘ಡಿಸೈನರ್ ಗಾರು’ ಅಂತ ಕರೆದ ಅಕ್ಕ ನನ್ನ. ಹೋಟ್ಲಿಗೆ ಕರ್ಕೊಂಡು ಹೋಗಿ ಎದುರಿಗೆ ಕೂರಿಸ್ಕೊಂಡ. ಇನ್ನೂ ಇದ್ರೆ ಕೊಡು ಅಂದ.” ಅವನು ತಲೆ ತಗ್ಗಿಸಿದ. “ಲಗ್ನಪತ್ರಿಕೆ ಹೊಡೆಯೋನ್ನ ಯಾರು ಹಂಗೆ ಕರೀತಾರೆ ಹೇಳು.”

ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ವನಜಾಕ್ಷಿ ಮಾತ್ರ ಅವನನ್ನೇ ನೋಡುತ್ತಿದ್ದಳು, ಯಾರೋ ಗುರುತಿಲ್ಲದವನನ್ನು ನೋಡುವ ಹಾಗೆ.

“ಎಲ್ಲಾ ಅಳಿಸಿ ಕೊಡಬೋದಿತ್ತಲ್ಲ. ಆಗ ಗೊತ್ತೇ ಆಗ್ತಿರಲಿಲ್ಲ.”

“ಕೈ ಬರಲಿಲ್ಲ. ನೀನು ಬರೆದಿದ್ದು.”

“ಕಣ್ಣೀರು ಹಾಕಿದ್ಯಲ್ಲ ಅವತ್ತು?”

“ಅದೂ ನಿಜವಾದ್ದೇ ಅಕ್ಕ.”

ಅದನ್ನು ಕೇಳಿದ ಮೇಲೆಯೇ ಅವಳು ಎದ್ದದ್ದು. “ಆ ಕಣ್ಣೀರಿನ ಸುದ್ದಿ ಕೇಳಿ ನಮ್ಮತ್ತೆ ನಿನಗೋಸ್ಕರ ಹರಕೆ ಹೊತ್ಲು” ಅಂದಳು. ಪೆನ್ ಡ್ರೈವ್ ತಗೊಂಡಳು. ಅವನು ಬಾಗಿಲವರೆಗೂ ಹಿಂದೆ ಬಂದು, ಆ ಪವರ್‌ಲೂಮಿನವನಿಗೆ ಇನ್ನು ಮೇಲೆ ಕೊಡಲ್ಲ, ಕೊಟ್ಟದ್ದನ್ನು ವಾಪಸ್ ಕೇಳ್ತೀನಿ, ಏನು ಬೇಕಾದ್ರೂ ಮಾಡ್ತೀನಿ ಅಂತ ಹೇಳುತ್ತಲೇ ಇದ್ದ. ಅವಳು ತಿರುಗಿ ನೋಡಲಿಲ್ಲ. ಬಸ್ಸಿನಲ್ಲಿ ಒಂದೇ ಮಾತು ಆಡಿದಳು. “ಪಾಲಣ್ಣ, ಅದು ಸತ್ತೇ ಹೋಗಿದ್ರೆ ನಂಗೆ ನಕ್ಷೆ ಅಷ್ಟೇ ಹೋಗಿರ್ತಿತ್ತು.”

ಪೊಲೀಸರಿಗೆ ಹೇಳು ಅಂದೆ, ಬೇಡ ಅಂದಳು. ಹೊನ್ನೂರಸ್ವಾಮಿಯನ್ನು ನಾನೇ ಸ್ಕೂಲಿಗೆ ಕರೆತಂದು ಪರದೆಯ ಮೇಲೆ ತಾರೀಖುಗಳನ್ನು ತೋರಿಸಿದೆ. ಅವನಿಗೆ ಕಂಪ್ಯೂಟರ್ ಗೊತ್ತಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ, “ಅಯ್ಯೋ ದೇವುಡಾ” ಅಂದ. ವನಜಾಕ್ಷಿಯ ಮನೆಗೆ ಹೋಗಿ, “ತಪ್ಪು ತಿಳ್ಕಂಡೆ ತಾಯಿ” ಅಂತ ಕೈಮುಗಿದ. ಮಂಜಮ್ಮ ಮಾತ್ರ ಆ ಧಾರೆ ಸೀರೆಯನ್ನು ಮತ್ತೆ ಉಟ್ಟದ್ದು ಯಾರೂ ಕಂಡಿಲ್ಲ.

ದೀಪಾವಳಿಯ ಹೊತ್ತಿಗೆ ನಾಗಭೂಷಣನ ತಾಯಿ ಹುಚ್ಚಕ್ಕ ಕೊಂಡ್ಲಹಳ್ಳಿಯಿಂದ ಬಂದು ವನಜಾಕ್ಷಿಯ ಎದುರು ಕೂತು ಅತ್ತಳು. ವನಜಾಕ್ಷಿ ಅವಳಿಗೆ ಎಲೆ ಹಾಕಿ ಉಣ್ಣಿಸಿ, ತಲೆಗೆ ಎಣ್ಣೆ ಹಚ್ಚಿ, ಬಸ್ಸಿಗೆ ಹತ್ತಿಸಿ ಬಂದಳು. ಮಗನ ಮಾತು ಬಂದಾಗಲೆಲ್ಲ, “ನೀನು ಉಣ್ಣು ದೊಡ್ಡವ್ವ” ಅಂದದ್ದು ಬಿಟ್ಟರೆ ಬೇರೇನೂ ಹೇಳಲಿಲ್ಲ.

ಆ ಅರವತ್ತೆರಡನ್ನು ವನಜಾಕ್ಷಿ ಮತ್ತೆ ಯಾರಿಗೂ ಕೊಡಲಿಲ್ಲ. ಅವು ಊರೂರ ಸೀರೆಗಳ ಮೇಲೆ ಓಡಾಡುತ್ತಿದ್ದವು. ೨೦೦೯ರಲ್ಲಿ ಒಂದು ಹಳೆಯ ಕಂಪ್ಯೂಟರ್ ಕೊಂಡಳು. ನಾನೇ ಜೋಡಿಸಿ ಕೊಟ್ಟೆ. ಅಕ್ಷರ ಬದಲಿಸುವುದು, ಎರಡು ಕಡೆ ಕಾಪಿ ಇಡುವುದು, ಎಲ್ಲವನ್ನೂ ಕೇಳಿ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನಾನು ಪಕ್ಕದಲ್ಲಿದ್ದಾಗ ನಕ್ಷೆಯ ಫೋಲ್ಡರನ್ನು ಮಾತ್ರ ತೆರೆಯುತ್ತಿರಲಿಲ್ಲ. ಮೊದಲ ಸಲ ಅದು ಗೊತ್ತಾದಾಗ ನನಗೆ ಚುರುಕ್ಕೆಂದಿತು. ಆಮೇಲಾಮೇಲೆ ನಾನೇ ಎದ್ದು ಹೊರಗೆ ಹೋಗಿ ಜಗಲಿಯ ಮೇಲೆ ಕೂರುತ್ತಿದ್ದೆ.

ನೇಕಾರರು ಒಬ್ಬೊಬ್ಬರಾಗಿ ಮತ್ತೆ ಬರತೊಡಗಿದರು. ಹೊನ್ನೂರಸ್ವಾಮಿಯೂ ಬಂದ, ಮೊಮ್ಮಗಳ ನಾಮಕರಣಕ್ಕೆ ಸೀರೆ ನೇಯಬೇಕು ಅಂತ. ವನಜಾಕ್ಷಿ ಗಿಣಿಸಾಲಿನ ಒಂದು ಅಂಚು ಬರೆದು ತೋರಿಸಿದಳು. ಅವನಿಗೆ ಬಹಳ ಹಿಡಿಸಿತು. ಕಾಗದ ಮಡಿಸಿ ಜೇಬಿಗಿಡುವಾಗ ಸ್ವಲ್ಪ ತಡೆದು, “ಇದು ನಮಗೊಬ್ಬರಿಗೇ ತಾನೇ ತಾಯಿ?” ಅಂದ. ಇಪ್ಪತ್ತು ವರ್ಷದ ಒಡನಾಟದಲ್ಲಿ ಅವನು ಆ ಮಾತು ಕೇಳಿದ್ದು ಅದೇ ಮೊದಲು. ಕೆಟ್ಟ ಮನಸ್ಸಿನಿಂದ ಕೇಳಿದ್ದೂ ಅಲ್ಲ.

“ಹೂಂ ಸ್ವಾಮಣ್ಣ, ನಿಮಗೊಬ್ಬರಿಗೇ” ಅಂದಳು ವನಜಾಕ್ಷಿ. ಅವನು ಹೋದ ಮೇಲೆ ಒಳಗೆ ಹೋಗಿ ನಾಗಕ್ಕನಿಗೆ ನೀರು ಕಾಯಿಸಲು ಒಲೆ ಹಚ್ಚಿದಳು.